ಮೌಲ್‌ಬ್ರೊನ್ ಮಠದ ‘ಗಡ್ಡದ ಸೋದರ’ರಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಜರ್ಮನಿಯ ಮೌಲ್‌ಬ್ರೊನ್ ಮಠದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದೇ ಒಂದು ಪದ ಸಿಗದೆ ಕೆಲಸ ನಿಂತುಬಿಟ್ಟಿದೆ. ಇಂಗ್ಲಿಷಿನಲ್ಲಿ ‘ಲೇ ಬ್ರದರ್’, ಜರ್ಮನ್‌ನಲ್ಲಿ ‘ಲಾಯೆನ್‌ಬ್ರೂಡರ್’ ಅನ್ನುತ್ತಾರಲ್ಲ, ಅದಕ್ಕೆ ನಮ್ಮಲ್ಲಿ ಏನನ್ನೋಣ?

ಯಾಕೆ ಇಷ್ಟು ಒದ್ದಾಡುತ್ತಿದ್ದೇನೆ ಅಂದರೆ, ಆ ಮಠದ ಕಟ್ಟಡವೆಲ್ಲ ನಿಂತಿರುವುದೇ ಈ ಪದದ ಮೇಲೆ. ಮೌಲ್‌ಬ್ರೊನ್ ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಸನ್ಯಾಸಿಗಳ ಪಂಗಡದ ಮಠ. ಈ ಪಂಗಡ ಹುಟ್ಟಿದ್ದು 1098ರಲ್ಲಿ, ಫ್ರಾನ್ಸಿನ ಸಿತೋದಲ್ಲಿ. ಆಡಂಬರ ಬೇಡ, ಊರಿನಿಂದ ದೂರ ಇರೋಣ, ನಮ್ಮ ಅನ್ನ ನಾವೇ ದುಡಿದು ತಿನ್ನೋಣ ಅಂತ ಹೊರಟವರು ಇವರು. 1147ರಲ್ಲಿ ಮೌಲ್‌ಬ್ರೊನ್‌ಗೆ ಬಂದು ನೆಲೆಸಿದರು. ಅದಕ್ಕೂ ಮೊದಲು ಎಕೆನ್‌ವೈಯರ್ ಎಂಬಲ್ಲಿ ಇದ್ದರು. ಅಲ್ಲಿ ನೀರು ಸಾಲಲಿಲ್ಲ. (ಹೇಸರಗತ್ತೆಯೊಂದು ನೀರಿನ ಸೆಲೆ ತೋರಿಸಿತು, ಅದಕ್ಕೇ ಈ ಹೆಸರು ಅಂತ ಕಥೆ ಹೇಳುತ್ತಾರೆ. ‘ಬ್ರೊನ್’ ಅಂದರೆ ಬುಗ್ಗೆ, ಅದು ಸರಿ. ‘ಮೌಲ್’ ಮಾತ್ರ ಹೇಸರಗತ್ತೆಯದಲ್ಲ, ಗಿರಣಿ ಎಂಬ ಪದದಿಂದ ಬಂದದ್ದು ಎನ್ನುವ ವಿವರಣೆಯೇ ನನಗೆ ಒಪ್ಪಿಗೆ.)

ಈ ಮಠಗಳಲ್ಲಿ ಎರಡು ಬಗೆಯ ಜನ ಇದ್ದರು. ಒಬ್ಬರು ಲ್ಯಾಟಿನ್ ಬಲ್ಲ ಸನ್ಯಾಸಿಗಳು. ಹಗಲು ಏಳು ಸಲ, ರಾತ್ರಿ ಒಂದು ಸಲ ಗುಡಿಯಲ್ಲಿ ಸೇರಿ ಹಾಡಬೇಕು. ಇನ್ನೊಬ್ಬರು ಹೊಲ, ಗಿರಣಿ, ಕುರಿಹಟ್ಟಿ, ಕೆರೆ ನೋಡಿಕೊಳ್ಳುವವರು. ಓದು ಬಾರದವರೇ ಜಾಸ್ತಿ. ನಾಲ್ಕಾರು ಪ್ರಾರ್ಥನೆ ಬಾಯಿಪಾಠ ಇದ್ದರೆ ಸಾಕಿತ್ತು. ಇವರೇ ನಾನು ಕೇಳುತ್ತಿರುವ ‘ಲೇ ಬ್ರದರ್’ಗಳು.

ಗುಡಿಯೊಳಗೆ ಹೋದರೆ ನಡುವೆ ಅಡ್ಡಕ್ಕೆ ಒಂದು ಕಲ್ಲಿನ ಗೋಡೆ. ಪೂರ್ವದ ಭಾಗ ಸನ್ಯಾಸಿಗಳಿಗೆ, ಪಶ್ಚಿಮದ್ದು ಇವರಿಗೆ. ಊಟದ ಮನೆಯೂ ಎರಡು. ಸನ್ಯಾಸಿಗಳದ್ದು ಎತ್ತರದ ಕಮಾನಿನ ಚಾವಣಿ. ನಡುವೆ ಒಂದೇ ಸಾಲು ಕಂಬ, ಒಂದು ದಪ್ಪ, ಒಂದು ಸಣ್ಣ, ಮತ್ತೆ ದಪ್ಪ, ಮತ್ತೆ ಸಣ್ಣ. ಇವರದ್ದು ತಗ್ಗಿನ ಚಾವಣಿ, ಗಿಡ್ಡ ಜೋಡಿ ಕಂಬಗಳು. ಮೊದಲನೆಯದಕ್ಕೆ ಜರ್ಮನ್‌ನಲ್ಲಿ ‘ಹೆರೆನ್‌ರೆಫೆಕ್ಟೋರಿಯುಮ್’ ಅಂತ ಹೆಸರು. ‘ಹೆರ್’ ಅಂದರೆ ಒಡೆಯ. ನಮ್ಮಲ್ಲೂ ಜಂಗಮರನ್ನು ‘ಒಡೆಯರು’ ಅನ್ನುತ್ತೇವೆ ಅಲ್ವಾ? ಹಾಗಾಗಿ ‘ಒಡೆಯರ ಊಟದ ಮನೆ’ ಅಂತ ಬರೆದೆ. ಅದು ಚೆನ್ನಾಗಿ ಕೂತಿತು. ಕಷ್ಟ ಇರುವುದು ಎದುರಿನ ಪದದ್ದು.

‘ಆಳು’, ‘ಸೇವಕ’ ಎರಡೂ ತಪ್ಪು. ಇವರು ಕೂಲಿಗೆ ಬಂದವರಲ್ಲ. ವ್ರತ ತೊಟ್ಟವರು, ಬ್ರಹ್ಮಚಾರಿಗಳು, ಸಾಯುವವರೆಗೆ ಮಠದವರು. ‘ಲೇ’ (ಪಾದ್ರಿಯಲ್ಲದ ಸಾಮಾನ್ಯ) ಎಂಬುದನ್ನು ಹಿಡಿದು ‘ಗೃಹಸ್ಥ ಸೋದರ’ ಅಂದರೆ ಅರ್ಥವೇ ತಲೆಕೆಳಗಾಗುತ್ತದೆ. ಗೆಳೆಯರೊಬ್ಬರು ‘ಕಾಯಕ ಸೋದರ’ ಅಂದರು. ಕೇಳಲು ಸೊಗಸಾಗಿದೆ, ಕಾಲವೂ ಅದೇ ಹನ್ನೆರಡನೇ ಶತಮಾನ. ಆದರೆ ನನಗೆ ಮನಸ್ಸು ಒಪ್ಪುತ್ತಿಲ್ಲ. ಶರಣರಲ್ಲಿ ಗುರುವಿಗೂ ಕಾಯಕ ತಪ್ಪಿದ್ದಲ್ಲ, ಅದರಲ್ಲಿ ಮೇಲು ಕೀಳು ಇಲ್ಲ. ಇಲ್ಲಿಯದು ಓದು ಬಲ್ಲವರು, ಬಾರದವರು ಅಂತ ಗೋಡೆ ಕಟ್ಟಿ ಬೇರೆ ಮಾಡಿದ ಬದುಕು. ಅಷ್ಟು ದೊಡ್ಡ ಪದವನ್ನು ಇಲ್ಲಿಗೆ ತಂದರೆ ಓದುಗರಿಗೆ ಸುಳ್ಳು ಹೇಳಿದಂತಾಗುತ್ತದೆ.

‘ದುಡಿಮೆಯ ಸೋದರ’ ಸರಳವಾಗಿದೆ. ಆದರೆ ನಿಯಮದ ಪ್ರಕಾರ ಸನ್ಯಾಸಿಗಳೂ ಕೈಯಾರೆ ದುಡಿಯಬೇಕಿತ್ತು. ಹಳೆಯ ಲ್ಯಾಟಿನ್‌ನಲ್ಲಿ ಇವರಿಗೆ ಇನ್ನೊಂದು ಹೆಸರಿದೆ: ‘ಬಾರ್ಬಾಟಿ’, ಗಡ್ಡದವರು. ಸನ್ಯಾಸಿಗಳು ಗಡ್ಡ ಬೋಳಿಸುತ್ತಿದ್ದರು, ಇವರು ಬಿಡುತ್ತಿದ್ದರು. ‘ಗಡ್ಡದ ಸೋದರರು’ ಅಂದರೆ ಆಳು ಅನ್ನುವ ಕೀಳರಿಮೆಯೂ ಇಲ್ಲ, ಇಲ್ಲದ ಹಿರಿಮೆಯೂ ಇಲ್ಲ. ಕಣ್ಣಿಗೆ ಕಾಣುವ ಹೆಸರು. ನನ್ನ ಒಲವು ಇದರ ಕಡೆಗೆ. ನಿಮಗೇನನ್ನಿಸುತ್ತದೆ?

ಉಳಿದ ಪದಗಳನ್ನೂ ಒಮ್ಮೆ ನೋಡಿಬಿಡಿ. ನಡುವಿನ ಚೌಕದ ಸುತ್ತ ಇರುವ ಕಂಬಸಾಲಿನ ಓಣಿಗೆ ‘ಕೈಸಾಲೆ’ ಅಂತ ಹಾಕಿದ್ದೇನೆ. ದೇವಸ್ಥಾನದ ಕೈಸಾಲೆ ನೋಡಿದವರಿಗೆ ವಿವರಿಸುವುದೇ ಬೇಡ. ಅಲ್ಲೇ ಒಡೆಯರ ಊಟದ ಮನೆಯ ಬಾಗಿಲಿಗೆ ಎದುರಾಗಿ ಕೈ ತೊಳೆಯಲು ಕಾರಂಜಿ ಇದೆ, ಅದಕ್ಕೆ ‘ನೀರಿನ ಮಂಟಪ’. ಚಳಿಗಾಲಕ್ಕೆ ಒಂದು ಕೋಣೆ ಇದೆ. ಕೆಳಗಿನ ಕಮಾನಿನ ಗೂಡಿನಲ್ಲಿ ಬೆಂಕಿ ಹಾಕುತ್ತಿದ್ದರು. ನೆಲದ ತೂತುಗಳಿಂದ ಬಿಸಿ ಮೇಲೆ ಬರುತ್ತಿತ್ತು. ‘ಅಗ್ಗಿಷ್ಟಿಕೆ ಮನೆ’ ಅಂದಿದ್ದೇನೆ. ಮಲೆನಾಡಿನವರ ಹತ್ತಿರ ಇದಕ್ಕಿಂತ ಒಳ್ಳೆಯ ಪದ ಇದ್ದೇ ಇರುತ್ತದೆ, ಕೊಡಿ.

ಇನ್ನು ‘ಮಠ’ ಎಂಬ ಪದ. ಜರ್ಮನ್ ‘ಕ್ಲೋಸ್ಟರ್’ ಲ್ಯಾಟಿನ್‌ನಿಂದ ಬಂದದ್ದು, ಮುಚ್ಚಿದ ಜಾಗ ಅಂತ ಅರ್ಥ. ನಮ್ಮ ಮಠ ಹಾಗಲ್ಲ. ಬಂದವರಿಗೆ ಅನ್ನ ಇಕ್ಕುವ ಜಾಗ. ಆದರೂ ‘ಮಠ’ವನ್ನೇ ಉಳಿಸಿಕೊಂಡೆ. ಕಾರಣ ಅದರ ಮುಂದಿನ ಕಥೆ. ಮತಸುಧಾರಣೆಯ ಕಾಲದಲ್ಲಿ ಸನ್ಯಾಸಿಗಳು ಹೋದರು, 1556ರಲ್ಲಿ ಅದು ಪ್ರೊಟೆಸ್ಟೆಂಟ್ ಶಾಲೆಯಾಯಿತು. ಖಗೋಳಶಾಸ್ತ್ರಿ ಕೆಪ್ಲರ್ ಇಲ್ಲಿ ಓದಿದ್ದು. ಕಾದಂಬರಿಕಾರ ಹರ್ಮನ್ ಹೆಸ್ಸೆ ಓದಲು ಸೇರಿ, 1892ರಲ್ಲಿ ಓಡಿಹೋದದ್ದೂ ಇಲ್ಲಿಂದಲೇ. ಅವರ ತಾತ ಹರ್ಮನ್ ಗುಂಡರ್ಟ್ ಕೂಡ ಹುಡುಗನಾಗಿದ್ದಾಗ ಇಲ್ಲೇ ಓದಿದವರು. ಆಮೇಲೆ ಬಾಸೆಲ್ ಮಿಷನ್ ಸೇರಿ ತಲಶ್ಶೇರಿಗೆ ಬಂದು, 1872ರಲ್ಲಿ ಮಲಯಾಳಂ ನಿಘಂಟು ಕೊಟ್ಟರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ ಇವರ ಆಪ್ತರು.

ಆ ಶಾಲೆಯನ್ನು ‘ಕ್ಲೋಸ್ಟರ್‌ಶೂಲೆ’ ಅಂತ ಕರೆಯುತ್ತಾರೆ. ಮೊದಲು ‘ಮಠದ ಶಾಲೆ’ ಅಂತ ಬರೆದಿದ್ದೆ. ಆಮೇಲೆ ಹೊಳೆಯಿತು, ನಮ್ಮ ಅಜ್ಜಂದಿರು ಅಕ್ಷರ ಕಲಿತದ್ದೇ ಕೂಲಿಮಠದಲ್ಲಿ! ‘ಮಠಕ್ಕೆ ಹೋದ’ ಅಂದರೆ ಓದಲು ಹೋದ ಅಂತಲೇ ಅರ್ಥವಿತ್ತು. ಜರ್ಮನ್‌ಗೆ ಎರಡು ಪದ ಬೇಕಾದ ಕಡೆ ಕನ್ನಡಕ್ಕೆ ಒಂದೇ ಸಾಕು. ಹಾಗಾಗಿ ‘1556ರ ನಂತರವೂ ಅದು ಮಠವಾಗಿಯೇ ಉಳಿಯಿತು’ ಅಂತ ತಿದ್ದಿದ್ದೇನೆ. ಈಗಿನ ಓದುಗರಿಗೆ ಈ ಎರಡನೇ ಅರ್ಥ ಹೊಳೆಯುತ್ತದಾ, ಇಲ್ಲವಾ?

ಸದ್ಯಕ್ಕೆ ನಿಂತಿರುವ ವಾಕ್ಯ ಇದು, ಜೋರಾಗಿ ಓದಿ ನೋಡಿ ಹೇಳಿ: “ಗಡ್ಡದ ಸೋದರರು ಹೊಲದಿಂದ ಬಂದು ಗೋಡೆಯ ಈಚೆ ನಿಲ್ಲುತ್ತಿದ್ದರು, ಆಚೆ ಒಡೆಯರು ಹಾಡುವುದು ಅವರಿಗೆ ಕೇಳುತ್ತಿತ್ತು.”