ಬಲಸುತ್ತಿಗೆ ಕಳಿಸಿದರೆ ತಿರುಗಿ ನುಗ್ಗುವ ಕುದುರೆ: ಲಂಜಿಂಗ್‌ನಲ್ಲಿ ಎಲ್ಲಿ ತಪ್ಪುತ್ತಿದೆ?

ಹೊಸಲಾಯ
ಆರು ವರ್ಷದ ಥರೋಬ್ರೆಡ್ (ರೇಸ್ ತಳಿ) ಗೆಲ್ಡಿಂಗ್ (ಬೀಜ ತೆಗೆದ ಗಂಡು), ರೇಸ್ ಬಿಡಿಸಿ ನಾಲ್ಕು ತಿಂಗಳು. ನಾನು ಮಧ್ಯದಲ್ಲಿ ನಿಂತು ಉದ್ದ ಹಗ್ಗದಲ್ಲಿ ಸುತ್ತಿಸುವಾಗ (ಲಂಜಿಂಗ್) ಎಡಸುತ್ತಿನಲ್ಲಿ ನಡಿಗೆ, ಟ್ರಾಟ್ (ಹಗುರ ಓಟ) ಎರಡಕ್ಕೂ ತಕರಾರಿಲ್ಲ. ಬಲಕ್ಕೆ ಕಳಿಸಿದರೆ ಅರ್ಧ ಸುತ್ತಿಗೇ ಗಕ್ಕನೆ ನಿಂತು, ಮುಖ ನನ್ನತ್ತ ಮಾಡಿ, ಎಡಕ್ಕೇ ಹೊರಳುತ್ತದೆ. ಚಾವಟಿ ಎತ್ತಿದರೆ ಕಿವಿ ಹಿಂದಕ್ಕೆ ಒತ್ತಿಕೊಂಡು ಮೇಲೇ ಬರುತ್ತದೆ. ಎರಡು ಸಲ ಗೇಟಿನ ಕಡೆಗೆ ಕಿತ್ತುಕೊಂಡು ಓಡಿದೆ. ಹಗ್ಗ 8 ಮೀಟರ್, ಕಡಿವಾಣದ ಒಳಬದಿಯ ಬಳೆಗೆ ಕೊಕ್ಕೆ ಹಾಕುತ್ತೇನೆ. ಜೀನು ಹಾಕಿಯೇ ದಿನಕ್ಕೆ 30 ನಿಮಿಷ. ಓಟ್ಸ್, ಹುರುಳಿ ಸೇರಿ 5 ಕೆ.ಜಿ., ಒಣಹುಲ್ಲು ಬೇರೆ. ಇದು ಹಟವೋ, ಹೆದರಿಕೆಯೋ?

ಗೊರಸುಲಾಳ
ಎರಡೂ ಅನ್ನುವ ಮೊದಲು ನೋವಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಸೈಸ್ (ಕುದುರೆ ನೋಡಿಕೊಳ್ಳುವವ) ಕೈಯಲ್ಲಿ ಕುದುರೆ ಕೊಟ್ಟು, ಗಟ್ಟಿ ಸಮನೆಲದ ಮೇಲೆ ನೆಟ್ಟಗೆ ಟ್ರಾಟ್ ಮಾಡಿಸಿ ಎದುರಿನಿಂದ ನೋಡಿ. ಹಗ್ಗ ಸಡಿಲವಿರಬೇಕು, ಇಲ್ಲದಿದ್ದರೆ ತಲೆ ಆಡುವುದೇ ಕಾಣುವುದಿಲ್ಲ. ನೋಯುವ ಮುಂಗಾಲು ನೆಲಕ್ಕೆ ತಾಗಿದಾಗ ತಲೆ ಮೇಲಕ್ಕೆ ಹೋಗುತ್ತದೆ. ಬಲ ಮುಂಗಾಲಿನ ನೋವು ಗಟ್ಟಿ ನೆಲದ ಬಲಸುತ್ತಿನಲ್ಲಿ ಸಾಮಾನ್ಯವಾಗಿ ಜಾಸ್ತಿಯಾಗುತ್ತದೆ, ಒಳಗಾಲಿನ ಮೇಲೆ ಹೊರೆ ಬೀಳುವುದರಿಂದ. ಎರಡು ದಿನ ಜೀನು, ಕಡಿವಾಣ ಎರಡೂ ಇಲ್ಲದೆ ನೋಡಿ. ತಕರಾರು ಅರ್ಧಕ್ಕೆ ಇಳಿದರೆ ಬೆನ್ನು ಅಥವಾ ಹಲ್ಲಿನ ಕಡೆ ಅನುಮಾನ, ವೈದ್ಯರನ್ನು ಕರೆಸಿ.

ಮೇವಿನ ಲೆಕ್ಕವೂ ಸರಿಯಿಲ್ಲ. ಅದು ಓಡುವ ಕುದುರೆಯ ಕಾಳು. ಅರ್ಧ ಗಂಟೆ ಸುತ್ತುವ ಕುದುರೆಗೆ ಅಷ್ಟು ಬೇಡ. ವಾರ ಹತ್ತು ದಿನದಲ್ಲಿ ನಿಧಾನವಾಗಿ ಅರ್ಧಕ್ಕೆ ಇಳಿಸಿ, ಹುಲ್ಲು ಹೆಚ್ಚಿಸಿ.

ಕಣದಮಧ್ಯ
ನೋವಿಲ್ಲ ಎಂದಾದರೆ ಇದು ಬಹುಪಾಲು ನಿಂತ ಜಾಗದ ತಪ್ಪು. ಕುದುರೆಗೆ ಲಗಾಮು ಹಾಕುವುದು, ನಡೆಸುವುದು, ಹತ್ತುವುದು ಎಲ್ಲವೂ ಎಡಗಡೆಯಿಂದ. ಮನುಷ್ಯ ಎಡಗಣ್ಣಿಗೆ ಕಾಣಬೇಕು ಎನ್ನುವುದು ಅದಕ್ಕೆ ರೂಢಿ. ಬಲಸುತ್ತಿನಲ್ಲಿ ನೀವು ಬಲಗಣ್ಣಿಗೆ ಬೀಳುತ್ತೀರಿ. ಅದು ತಿರುಗುವುದು ನಿಮ್ಮನ್ನು ಮತ್ತೆ ಎಡಕ್ಕೆ ತಂದುಕೊಳ್ಳಲು.

ಇನ್ನೊಂದು ನಮ್ಮ ಕಡೆಯ ಎಡವಟ್ಟು. ಬಲಸುತ್ತಿನಲ್ಲಿ ಹಗ್ಗ ಬಲಗೈಗೆ, ಚಾವಟಿ ಎಡಗೈಗೆ ಬರುತ್ತದೆ. ಎಡಗೈ ಹಿಂದೆ ಬೀಳುತ್ತದೆ, ಬಲಗೈ ಗೊತ್ತಿಲ್ಲದೆ ಎಳೆಯುತ್ತದೆ, ಕಾಲು ಒಂದೆರಡು ಹೆಜ್ಜೆ ಮುಂದೆ ಸರಿದು ಭುಜದ ಎದುರಿಗೇ ಬಂದುಬಿಡುತ್ತದೆ. ಕುದುರೆಯ ಪ್ರಕಾರ ಅದು "ನಿಲ್ಲು, ಇತ್ತ ಬಾ". ಪಾಪ, ಹೇಳಿದ್ದನ್ನೇ ಮಾಡಿ ಏಟು ತಿನ್ನುತ್ತಿದೆ.

ಒಂದು ವಾರ ಸುತ್ತುವುದನ್ನೇ ಬಿಡಿ. ದಿನಕ್ಕೆ 10 ನಿಮಿಷ ಬಲಗಡೆ ನಿಂತು ನಡೆಸಿ: ಹೊರಡು, ನಿಲ್ಲು, ಎರಡು ಹೆಜ್ಜೆ ಹಿಂದೆ. ಆಮೇಲೆ ಅದೇ ನಡಿಗೆಯಲ್ಲಿ ಹಗ್ಗವನ್ನು ಒಂದು ಮೀಟರ್, ಎರಡು, ಮೂರು ಹೀಗೆ ಬಿಡುತ್ತಾ ಹೋಗಿ. ನೀವೂ ಒಳಗೆ ಸಣ್ಣ ಸುತ್ತು ನಡೆಯುತ್ತಿರಬೇಕು, ನಿಮ್ಮ ಹೊಕ್ಕುಳು ಕುದುರೆಯ ಜೀನುಪಟ್ಟಿಯ ನೇರಕ್ಕೋ, ಒಂದು ಗೇಣು ಹಿಂದಕ್ಕೋ. ಚಾವಟಿಯ ತುದಿ ಹಿಂಗಾಲಿನ ಮಡಿಕೆಯತ್ತ. ಒಳಕ್ಕೆ ವಾಲಿದ ಕ್ಷಣ ಮಾತ್ರ ತುದಿ ಭುಜದತ್ತ.

ತಿರುಗಿ ನಿಂತೇಬಿಟ್ಟಿತು ಅನ್ನಿ. ಹಿಂದೆ ಸರಿಯಬೇಡಿ, ಸರಿದರೆ ನುಗ್ಗಿದ್ದಕ್ಕೆ ಬಹುಮಾನ ಕೊಟ್ಟಂತೆ. ಹಗ್ಗ ಎಳೆಯಲೂ ಬೇಡಿ. ನಿಮ್ಮ ಎಡಕ್ಕೆ, ಅಂದರೆ ಅದರ ಬಲ ಪಕ್ಕೆಯ ಕಡೆಗೆ, ಅಗಲವಾಗಿ ಎರಡು ಮೂರು ಹೆಜ್ಜೆ ಹಾಕಿ, ಚಾವಟಿಯನ್ನು ಅದರ ಬಲಭುಜಕ್ಕೆ ಅಡ್ಡವಾಗಿ ಹಿಡಿದು "ನಡೀ" ಎನ್ನಿ. ಮೂತಿ ಹೊರಕ್ಕೆ ತಿರುಗಿದ ತಕ್ಷಣ ಚಾವಟಿ ಕೆಳಗೆ. ಅಷ್ಟಕ್ಕೂ ಬಗ್ಗದಿದ್ದರೆ ಹೊರಬದಿಗೆ ಸೈಸ್ ನಡೆಯಲಿ, ಬಾಯಿ ಮುಚ್ಚಿಕೊಂಡು. ಮಾತು ನಿಮ್ಮೊಬ್ಬರದೇ ಇರಬೇಕು.

ಗೊರಸುಲಾಳ
ಕೊಕ್ಕೆ ಬಗ್ಗೆ: ಒಳಬಳೆಗೆ ಮಾತ್ರ ಸಿಕ್ಕಿಸಿ ಎಳೆದರೆ ಕಡಿವಾಣ ಬಾಯಿಂದ ಪಕ್ಕಕ್ಕೆ ಜಾರುತ್ತದೆ. ಮೂಗಿನ ಮೇಲೆ ಬಳೆ ಇರುವ ಕ್ಯಾವಸನ್ ಎಂಬ ತಲೆಪಟ್ಟಿ ತೆಗೆದುಕೊಳ್ಳಿ. ಮೂಗುಪಟ್ಟಿ ಮೂಳೆಯ ಮೇಲಿರಲಿ, ಮೆದು ಮೂಗಿನ ಮೇಲೆ ಇಳಿದರೆ ಉಸಿರು ಕಟ್ಟುತ್ತದೆ. ಕೆನ್ನೆಪಟ್ಟಿ ಕಣ್ಣಿನತ್ತ ಜರುಗದಷ್ಟು ಬಿಗಿ ಸಾಕು.

ಹೊರಸುತ್ತು
ಕಿತ್ತುಕೊಂಡು ಓಡುವುದು ಬೇರೆ ರೋಗ. ಕತ್ತು ನೇರವಾಗಿ, ಪೃಷ್ಠ ನಿಮ್ಮತ್ತ ಬಂದ ಮೇಲೆ 450 ಕೆ.ಜಿ.ಯನ್ನು ಯಾರೂ ಹಿಡಿಯಲಾರರು. ಹಿಡಿಯಬೇಕಾದದ್ದು ಅದಕ್ಕೆ ಮೂರು ಹೆಜ್ಜೆ ಮುಂಚೆ. ಗೇಟಿಗೆ ಎದುರಾಗುವ ಮುನ್ನ ಹಗ್ಗದಲ್ಲಿ ಚಿಕ್ಕದಾಗಿ ಒತ್ತಿ ಬಿಡಿ, ಒತ್ತಿ ಬಿಡಿ. ಮೂತಿ ತುಸು ಒಳಗೇ ಉಳಿಯಬೇಕು. ಸತತ ಎಳೆತ ಕೊಟ್ಟರೆ ಕುದುರೆ ಆ ಎಳೆತದ ಮೇಲೇ ಭಾರ ಹಾಕುತ್ತದೆ. ಸುತ್ತನ್ನು ಗೇಟಿನಿಂದ ದೂರದ ಮೂಲೆಗೆ ಸರಿಸಿ, ಎರಡು ಕಡೆ ಬೇಲಿಯೇ ತಡೆಯುತ್ತದೆ. ಸುತ್ತಿನ ವ್ಯಾಸ 15 ಮೀಟರ್‌ಗಿಂತ ಕಿರಿದಾದರೆ ಕೀಲುಗಳಿಗೆ ಕಷ್ಟ. ಆರಂಭದ ನಡಿಗೆಗೆ ಮಾತ್ರ ಚಿಕ್ಕದು ನಡೆಯುತ್ತದೆ.

ಕೈಗವಸು, ಹೆಲ್ಮೆಟ್ ಬಿಟ್ಟು ಒಳಗೆ ಕಾಲಿಡಬೇಡಿ. ಹಗ್ಗವನ್ನು ಅಂಗೈ ಮೇಲೆ ಮಡಿಕೆ ಮಡಿಕೆಯಾಗಿ ಇಡಿ, ಮುಂಗೈಗೆ ಸುತ್ತಬಾರದು. ಓಡಿಯೇಬಿಟ್ಟರೆ ಬಿಟ್ಟುಬಿಡಿ, ಬೆರಳು ಉಳಿಯುತ್ತದೆ. ಹೊರಗೇಟು ಮೊದಲೇ ಮುಚ್ಚಿರಲಿ.

30 ನಿಮಿಷ ಈಗ ಹೆಚ್ಚು. ಒಟ್ಟು 15 ಸಾಕು, ಮೂರು ನಾಲ್ಕು ನಿಮಿಷಕ್ಕೊಮ್ಮೆ ದಿಕ್ಕು ಬದಲಿಸಿ. ಸೈಡ್ ರೇನ್ (ಕಡಿವಾಣದಿಂದ ಜೀನುಪಟ್ಟಿಗೆ ಕಟ್ಟುವ ಪಟ್ಟಿ) ಹಾಕಿ ಬಗ್ಗಿಸೋಣ ಅಂತ ಯಾರಾದರೂ ಹೇಳಿದರೆ ಈಗ ಕೇಳಬೇಡಿ: ಮುಂದೆ ಹೋಗದ ಕುದುರೆಗೆ ಅದನ್ನು ಗಿಡ್ಡ ಕಟ್ಟಿದರೆ ಮುಂಗಾಲೆತ್ತಿ ಹಿಂದಕ್ಕೆ ಬೀಳುವ ಅಪಾಯ.

ಹೊಸಲಾಯ
ಎಡಗೈಯಲ್ಲಿ ಚಾವಟಿ ಹಿಡಿದರೆ ದಾರ ನೆಲಕ್ಕೆ ತೊಡಕುತ್ತದೆ. ಬಲಗೈಯಲ್ಲೇ ಹಿಡಿದು, ಹಗ್ಗ ಎಡಕ್ಕೆ ಕೊಟ್ಟರೆ ಆಗದೇ?

ಕಣದಮಧ್ಯ
ಆಗದು, ಕೈ ಕೈ ಅಡ್ಡವಾಗಿ ನೀವು ಕುದುರೆಗೆ ಬೆನ್ನು ಕೊಟ್ಟಂತಾಗುತ್ತದೆ. ಕುದುರೆಯಿಲ್ಲದೆ ಕಲಿಯಿರಿ. ಬೇಲಿಗೂಟದ ಮೇಲೊಂದು ಖಾಲಿ ಡಬ್ಬ ಇಟ್ಟು, ನಾಲ್ಕು ಮೀಟರ್ ದೂರದಿಂದ ದಾರದ ತುದಿ ಮಾತ್ರ ಡಬ್ಬಕ್ಕೆ ಮುಟ್ಟಿಸಿ, ಬೀಳಿಸಬೇಡಿ. ಮೊಣಕೈ ಪಕ್ಕೆಗೆ ಅಂಟಿರಲಿ, ತಿರುಗುವುದು ಮಣಿಕಟ್ಟು ಮಾತ್ರ. ಡಬ್ಬ ಬೀಳದೆ ಹತ್ತಕ್ಕೆ ಎಂಟು ಸಲ ತಾಗಿದ ಮೇಲೆ ಕುದುರೆಯನ್ನು ಹೊರಗೆ ತನ್ನಿ.