ಸಹಾಯ ಬೇಕು: ಸುರಂಗದೊಳಗೆ ಹೋಗಲು ಕಮ್ಮಿ ಬೆಲೆಯ ಹೆಡ್‌ಲ್ಯಾಂಪ್
ನಾನು ಕಾಸರಗೋಡಿನ ಬಾಯಾರು ಕಡೆಯವನು. ತೋಟದ ಸುರಂಗದಲ್ಲಿ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು) ಕೆಸರು ತುಂಬಿ ನೀರು ಬರುವುದು ಕಮ್ಮಿಯಾಗಿದೆ, ಮಳೆಗೆ ಮೊದಲು ತೆಗೆಯಬೇಕು. ಒಳಗೆ ಬಗ್ಗಿಯೇ ನಡೆಯಬೇಕು, ಕೈಯಲ್ಲಿ ಹಾರೆ, ಬುಟ್ಟಿ. ಹೋದ ವರ್ಷ 250 ರೂಪಾಯಿಗೆ ತಂದ ಲ್ಯಾಂಪು ಮೇಲಿಂದ ತೊಟ್ಟಿಕ್ಕುವ ನೀರಿಗೆ ಅರ್ಧ ಗಂಟೆಯಲ್ಲೇ ಕಣ್ಣು ಮುಚ್ಚಿತು. ಮುರಕಲ್ಲಿನ ಗೋಡೆ ತಡವಿಕೊಂಡು ಹೊರಗೆ ಬಂದೆ, ತಲೆ ಮೇಲೆ ಬಾವಲಿ ಬೇರೆ!

1500ರೊಳಗೆ ಯಾವುದು ಒಳ್ಳೆಯದು? ನೀರು ತಡೆಯುವ ಮಟ್ಟ ಹೇಳುವ ಗುರುತಿನಲ್ಲಿ ಐಪಿಎಕ್ಸ್4 ಬರೀ ಎರಚಲಿಗೆ ಸಾಕು; ಮುಳುಗಿದರೂ ತಡೆಯುವ ಐಪಿಎಕ್ಸ್7 ಈ ಬೆಲೆಗೆ ಸಿಕ್ಕೀತಾ? ಸಾವಿರ ಲೂಮೆನ್ (ಬೆಳಕಿನ ಅಳತೆ) ಬೇಡ, ಹತ್ತಿರಕ್ಕೆ ಹರಡಿ ಬೀಳುವ 150 ಧಾರಾಳ. ಚಾರ್ಜ್ ಮಾಡುವ 18650 ಲಿಥಿಯಂ ಸೆಲ್ ಬದಲಿಸುವಂಥದ್ದೋ, ಅಂಗಡಿಯಲ್ಲೇ ಸಿಗುವ ಸಪೂರದ ಎಎಎ ಸೆಲ್ಲಿನದ್ದೋ? ಕಿಸೆಯಲ್ಲಿ ಇನ್ನೊಂದು ಟಾರ್ಚ್ ಇರುತ್ತದೆ. ಮೇಣದಬತ್ತಿಯೂ ಉಂಟು, ಅದು ಬೆಳಕಿಗಲ್ಲ, ಒಳಗೆ ಉಸಿರಾಟಕ್ಕೆ ಗಾಳಿ ಉಂಟಾ ಎಂದು ನೋಡಲು. ಬಳಸಿ ಗೊತ್ತಿದ್ದವರು ದಯವಿಟ್ಟು ತಿಳಿಸಿ.