ಊರಿನಲ್ಲೇ ಸಿಗುವ ಸಾಮಗ್ರಿಯಿಂದ ಗಣಿತ, ವಿಜ್ಞಾನ ಕಲಿಸುವುದು ಹೇಗೆ?

ಪ್ರಶ್ನೆ: ಮಳವಳ್ಳಿ ಕಡೆಯ ಶಿಕ್ಷಕಿ
ಏಳನೇ ತರಗತಿಯ ನನ್ನ ಮಕ್ಕಳು ಆಮ್ಲ, ಪ್ರತ್ಯಾಮ್ಲ, ವಿಸ್ತೀರ್ಣದ ಪಾಠಗಳನ್ನು ಬಾಯಿಪಾಠ ಒಪ್ಪಿಸುತ್ತಾರೆಯೇ ಹೊರತು, ತಮ್ಮ ಗದ್ದೆ ಎಷ್ಟು ಚದರ ಅಡಿ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಊರಿನ ಯಾವ ಸಾಮಗ್ರಿಯನ್ನು, ಯಾರ ನೆರವನ್ನು ಬಳಸಬಹುದು?

ಉತ್ತರ: ಪಾಂಡವಪುರದ ನಿವೃತ್ತ ಶಿಕ್ಷಕ
ಮೇಡಂ, ದಯವಿಟ್ಟು ಬೆಲ್ಲ ತಯಾರಿಸುವ ಆಲೆಮನೆಯಿಂದ ಆರಂಭಿಸಿ. ಕಬ್ಬಿನ ಹಾಲು ಸ್ವಲ್ಪ ಆಮ್ಲೀಯವಾಗಿರುವುದರಿಂದಲೇ ಕೊಪ್ಪರಿಗೆಗೆ ಸುಣ್ಣದ ತಿಳಿ ಬಿಡುತ್ತಾರೆ; ಕೆಂಪು ದಾಸವಾಳದ ದಳ ಉಜ್ಜಿದ ಕಾಗದವನ್ನು ಮಕ್ಕಳೇ ತಯಾರಿಸಿಕೊಂಡರೆ, ಅದು ಸುಣ್ಣದ ತಿಳಿಯಲ್ಲಿ ಹಸಿರಿಗೆ, ನಿಂಬೆರಸದಲ್ಲಿ ಕೆಂಪಿಗೆ ತಿರುಗುವುದನ್ನು ಕಣ್ಣಾರೆ ಕಾಣುತ್ತಾರೆ. ಪಾಕವು ಸುಮಾರು 118 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂಬುದನ್ನು ಅನುಭವಿಗಳು ಉಷ್ಣಮಾಪಕವಿಲ್ಲದೆ, ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಅದು ಉಂಡೆ ಕಟ್ಟುವ ಬಗೆಯಿಂದಲೇ ತಿಳಿಯುತ್ತಾರೆ. ಅಂಥವರನ್ನೇ ಒಂದು ದಿನ ಗುರುಗಳಾಗಿ ತರಗತಿಗೆ ಕರೆಯಿರಿ. ಕುದಿಯುವ ಕೊಪ್ಪರಿಗೆಯ ಹತ್ತಿರ ಮಾತ್ರ ಮಕ್ಕಳನ್ನು ಬಿಡಬೇಡಿ.

ಉತ್ತರ: ಮೈಸೂರಿನ ಗಣಿತ ಶಿಕ್ಷಕಿ
ವಿಸ್ತೀರ್ಣಕ್ಕೆ ಗುಂಟೆಗಿಂತ ಒಳ್ಳೆಯ ಪಾಠವಿಲ್ಲ. 33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥವು 40 ಸೇರಿದರೆ 43,560 ಚದರ ಅಡಿಯ ಒಂದು ಎಕರೆ. ಮೈದಾನದಲ್ಲಿ ಹಗ್ಗ ಹಿಡಿಸಿ ಒಂದು ಗುಂಟೆಯನ್ನು ಗುರುತಿಸಿದಾಗ, “ಮಿಸ್, ನಮ್ಮದು ಇಂಥವು ಇಪ್ಪತ್ತು” ಎಂದು ಹುಡುಗಿಯೊಬ್ಬಳು ತಾನಾಗಿಯೇ ಗುಣಿಸಲು ಕುಳಿತಳು. ಭಿನ್ನರಾಶಿಗೆ ಅಜ್ಜಿಯರ ಸೇರು, ಪಾವು, ಚಟಾಕುಗಳೇ ಸಾಕು.

ಮಳವಳ್ಳಿ ಕಡೆಯ ಶಿಕ್ಷಕಿ
ಇಬ್ಬರಿಗೂ ವಂದನೆಗಳು. ಸರ್, ನಮ್ಮ ತರಗತಿಯ ಹುಡುಗನೊಬ್ಬನ ತಾತನವರು ಆಲೆಮನೆಯಲ್ಲಿ ಪಾಕ ನೋಡುವವರು. ನಾಳೆಯೇ ಅವರನ್ನು ಭೇಟಿಯಾಗಿ ಕೇಳುತ್ತೇನೆ.